ಮೂಗು ಕಟ್ಟಿದಾಗಿನ ಮನೆಮದ್ದಿಗೂ ಅಳತೆ ಬೇಡವೇ?

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಹಿಡಿದ ಕೂಡಲೇ ಪತ್ರಿಕೆಗಳ ಆರೋಗ್ಯ ಪುರವಣಿಗಳಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ನೆಗಡಿ, ಸೈನಸ್‌ಗೆ ಮನೆಮದ್ದುಗಳ ಸಾಲು ಶುರುವಾಗುತ್ತದೆ. ‘ಸ್ವಲ್ಪ ಓಂಕಾಳು, ಒಂದಿಷ್ಟು ತುಳಸಿ, ಚೂರು ಕರ್ಪೂರ ಹಾಕಿ ಹಬೆ ತೆಗೆದುಕೊಳ್ಳಿ, ಮೂಗು ಬಿಡುತ್ತದೆ’ ಎಂಬಲ್ಲಿಗೆ ಮಾತು ಮುಗಿಯಿತು. ಎಷ್ಟು ನೀರಿಗೆ ಎಷ್ಟು, ಎಷ್ಟು ಹೊತ್ತು, ಎಷ್ಟು ದಿನ, ಯಾರಿಗೆ ಕೂಡದು ಎಂಬುದು ಎಲ್ಲೂ ಇರುವುದಿಲ್ಲ. ಒಬ್ಬಟ್ಟಿನ ಹೂರಣಕ್ಕೆ ಬೆಲ್ಲ ಎಷ್ಟೆಂದು ಗ್ರಾಂ ಲೆಕ್ಕದಲ್ಲಿ ಬರೆಯುವವರು ಮದ್ದಿನ ವಿಷಯ ಬಂದಾಗ ‘ಒಂದಿಷ್ಟು’ ಎಂದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಹಿತ್ತಲಿನ ಸೊಪ್ಪುಗಳ ಮೇಲೆ ನನಗೆ ನಂಬಿಕೆ ಇದೆ. ಆದ್ದರಿಂದಲೇ ಅಳತೆಯಿಲ್ಲದೆ ಅವುಗಳ ಹೆಸರು ಕೆಡಿಸುವುದನ್ನು ನೋಡಿ ಸುಮ್ಮನಿರಲಾಗುತ್ತಿಲ್ಲ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸುವುದಾದರೆ ಅಳತೆಗಳನ್ನು ಬಿಟ್ಟು ಬೇರೆಯದನ್ನು ಕತ್ತರಿಸಿ.

ಮೊದಲು ಮೂಗು ಕಟ್ಟುವುದೆಂದರೇನು ಎಂಬುದನ್ನು ನೋಡೋಣ. ಸಿಂಬಳ ತುಂಬಿಕೊಂಡಿದೆ, ಅದನ್ನು ಹೊರಗೆ ತಳ್ಳಿದರೆ ಆಯಿತು ಎಂದು ಹೆಚ್ಚಿನವರು ತಿಳಿದಿದ್ದಾರೆ. ನಿಜವಾಗಿ ಉಸಿರಿನ ದಾರಿಯನ್ನು ಹೆಚ್ಚಾಗಿ ಮುಚ್ಚುವುದು ಮೂಗಿನ ಒಳಪೊರೆಯ ಊತ. ಅಲ್ಲಿನ ರಕ್ತನಾಳಗಳು ಹಿಗ್ಗಿ ಪೊರೆ ದಪ್ಪವಾಗುತ್ತದೆ. ಎಷ್ಟು ಸೀನಿದರೂ, ಎಷ್ಟು ಜೋರಾಗಿ ಸೀಟಿದರೂ ಏನೂ ಬರದೆ ಮೂಗು ಮಾತ್ರ ಕಟ್ಟಿಯೇ ಇರುವುದು ಅದಕ್ಕೇ. ಹಣೆಯಲ್ಲಿ, ಕೆನ್ನೆಯ ಮೂಳೆಯೊಳಗೆ, ಕಣ್ಣುಗಳ ನಡುವೆ, ಇನ್ನೂ ಹಿಂದೆ ತಲೆಬುರುಡೆಯ ನಡುಭಾಗದಲ್ಲಿ ಹೀಗೆ ನಾಲ್ಕು ಜೊತೆ ಗಾಳಿಗೂಡುಗಳಿವೆ. ಇವೇ ಸೈನಸ್‌ಗಳು. ಅವೆಲ್ಲ ಸಣ್ಣ ಕಿಂಡಿಗಳ ಮೂಲಕ ಮೂಗಿಗೆ ತೆರೆದುಕೊಳ್ಳುತ್ತವೆ. ಪೊರೆ ಊದಿಕೊಂಡರೆ ಕಿಂಡಿ ಮುಚ್ಚುತ್ತದೆ, ಒಳಗಿನ ಲೋಳೆ ಒಳಗೇ ನಿಲ್ಲುತ್ತದೆ. ಕೆನ್ನೆಯ ಗೂಡಿನ ಕಿಂಡಿಯಂತೂ ಗೂಡಿನ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ನೆಟ್ಟಗೆ ಕುಳಿತವರ ಕೆನ್ನೆಗೂಡಿನಿಂದ ಲೋಳೆ ತಾನಾಗಿ ಇಳಿಯಲು ಸಾಧ್ಯವೇ ಇಲ್ಲ. ಪೊರೆಯ ಮೇಲಿನ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಹತ್ತಾರು ಬಾರಿ ಬಡಿದು ಅದನ್ನು ಮೇಲಕ್ಕೆ ಸಾಗಿಸಬೇಕು. ಒಳ್ಳೆಯ ಮದ್ದೆಂದರೆ ಈ ರೋಮಗಳ ಕೆಲಸಕ್ಕೆ ಅಡ್ಡಿ ಮಾಡದೆ ಲೋಳೆಯನ್ನು ತೆಳು ಮಾಡುವಂಥದ್ದು. ಪೊರೆಯನ್ನು ಸುಡುವ, ಕೆರಳಿಸುವ ಯಾವುದೂ, ಅದು ಎಷ್ಟೇ ‘ನೈಸರ್ಗಿಕ’ವಾಗಿರಲಿ, ಮದ್ದಲ್ಲ.

ಹಬೆಯಿಂದ ಶುರು ಮಾಡುತ್ತೇನೆ, ಏಕೆಂದರೆ ತಪ್ಪುಗಳು ಹೆಚ್ಚು ನಡೆಯುವುದು ಇಲ್ಲೇ.

ಒಬ್ಬ ವಯಸ್ಕರಿಗೆ ಒಂದು ಲೀಟರ್ ನೀರು ಸಾಕು. ಅದಕ್ಕೆ 5–6 ದೊಡ್ಡಪತ್ರೆ ಎಲೆ, ಇಲ್ಲವೇ 15–20 ತುಳಸಿ ಎಲೆ, ಇಲ್ಲವೇ ಅರ್ಧ ಟೀ ಚಮಚ ಓಂಕಾಳು. ಮೂರನ್ನೂ ಸೇರಿಸಿದರೆ ಮೂರು ಪಟ್ಟು ಗುಣ ಎಂದೇನಿಲ್ಲ. ದೊಡ್ಡಪತ್ರೆಯಲ್ಲಿರುವ ಕಾರ್ವಕ್ರಾಲ್ ಮತ್ತು ಥೈಮಾಲ್, ಓಂಕಾಳಿನಲ್ಲಿರುವ ಥೈಮಾಲ್ ಒಂದೇ ಕುಟುಂಬದ ಎಣ್ಣೆಯಂಶಗಳು. ಒಂದಿದ್ದರೆ ಇನ್ನೊಂದು ಇಲ್ಲದಿದ್ದರೂ ನಡೆಯುತ್ತದೆ. ಎಲೆಗಳನ್ನು ಇಡಿಯಾಗಿ ಹಾಕಬೇಡಿ, ಕೈಯಲ್ಲಿ ಹಿಸುಕಿ ಹರಿದು ಹಾಕಿ. ಓಂಕಾಳನ್ನು ಒರಳಲ್ಲಿ ಒಂದೆರಡು ಪೆಟ್ಟು ಕುಟ್ಟಿ. ಎಣ್ಣೆಯ ಗ್ರಂಥಿಗಳು ಒಡೆಯದೆ ಪರಿಮಳ ಹೊರಬರುವುದಿಲ್ಲ.

ಈಗ ಎಲ್ಲರೂ ಮಾಡುವ ತಪ್ಪು. ನೀರಿನ ಜೊತೆಗೇ ಎಲೆಗಳನ್ನೂ ಹಾಕಿ ಹತ್ತು ನಿಮಿಷ ಕುದಿಸುತ್ತಾರೆ. ಮನೆಯೆಲ್ಲ ಘಮಘಮ ಎನ್ನುತ್ತದೆ, ಮದ್ದು ಚೆನ್ನಾಗಿ ಆಯಿತೆಂದು ಸಂತೋಷ. ಆದರೆ ಆ ಘಮವೇ ಮದ್ದು. ಅದು ಅಡುಗೆಮನೆಯಲ್ಲಿ ಖರ್ಚಾಗಿ ಹೋದ ಮೇಲೆ ಪಾತ್ರೆಯಲ್ಲಿ ಉಳಿಯುವುದು ಬೆಂದ ಸೊಪ್ಪಿನ ನೀರು. ನೀರು ಕುದ್ದ ಮೇಲೆ ಒಲೆ ಆರಿಸಿ. ಆಮೇಲೆ ಎಲೆ ಹಾಕಿ, ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಡಿ. ಮುಚ್ಚಳವನ್ನು ಮುಖದ ಮುಂದೆಯೇ ತೆಗೆಯಬೇಡಿ, ಮೊದಲ ಹಬೆ ಚರ್ಮ ಸುಡುವಷ್ಟು ಬಿಸಿ. ಪಾತ್ರೆ ಅಗಲ ತಳದ್ದಾಗಿರಲಿ, ಗಟ್ಟಿ ಮೇಜಿನ ಮೇಲಿರಲಿ. ತೊಡೆಯ ಮೇಲೆ, ಹಾಸಿಗೆಯ ಮೇಲೆ, ಉರಿಯುವ ಒಲೆಯ ಮೇಲೆ ಬೇಡವೇ ಬೇಡ. ಮುಖಕ್ಕೂ ನೀರಿಗೂ ಒಂದಡಿ ಅಂತರ. ಕಣ್ಣು ಮುಚ್ಚಿ, ಮೂಗಿನಿಂದ ಎಳೆದು ಬಾಯಿಂದ ಬಿಡಿ. ಐದರಿಂದ ಎಂಟು ನಿಮಿಷ, ದಿನಕ್ಕೆ ಎರಡು ಬಾರಿ. ಕೋವಿಡ್ ದಿನಗಳಲ್ಲಿ ದಿನಕ್ಕೆ ಆರು, ಎಂಟು ಬಾರಿ ಹಬೆ ಹಿಡಿದು ಮೂಗಿನೊಳಗೆ ಒಣಗಿ ರಕ್ತ ಬರಿಸಿಕೊಂಡವರಿದ್ದಾರೆ. ಬಿಸಿನೀರು ಚೆಲ್ಲಿ ಸುಟ್ಟುಕೊಂಡ ಮಕ್ಕಳ ಸಂಖ್ಯೆ ಆಗ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಏರಿತ್ತು. ಸಣ್ಣ ಮಕ್ಕಳನ್ನು ಕಂಬಳಿಯೊಳಗೆ ಕೂರಿಸಿ ಹಬೆ ಕೊಡುವುದು ಬೇಡ. ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿಕೊಂಡು, ಮಗುವನ್ನು ಎತ್ತಿಕೊಂಡು ಐದು ನಿಮಿಷ ಕುಳಿತರೆ ಅದೇ ಅವರ ಹಬೆ.

ನೀಲಗಿರಿ ತೈಲ ಹಾಕುವವರು ಒಂದು ಲೀಟರಿಗೆ ಎರಡು ಮೂರು ಹನಿ ಹಾಕಿ, ಮುಚ್ಚಳದಲ್ಲಿ ಸುರಿಯಬೇಡಿ. ಒಂದು ಟೀ ಚಮಚದಷ್ಟು, ಅಂದರೆ 5 ಮಿ.ಲೀ. ತೈಲ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಬಹುದು. ಕೆಮ್ಮಿನ ಸಿರಪ್ಪಿನ ಪಕ್ಕದಲ್ಲೇ ಅದೇ ಗಾತ್ರದ ಸೀಸೆಯಲ್ಲಿ ಅದನ್ನಿಡುವ ಮನೆಗಳು ಎಷ್ಟೋ. ನೋವಿನ ಮುಲಾಮನ್ನು ಕುದಿವ ನೀರಿಗೆ ಹಾಕುವ ಚಾಳಿ ಇನ್ನೊಂದು. ಮುಲಾಮಿನ ಜಿಡ್ಡು ನೀರಲ್ಲಿ ಕರಗುವುದಿಲ್ಲ, ಮೇಲೆ ತೇಲಿ ಸಿಡಿದು ಕಣ್ಣಿಗೆ ಬೀಳುತ್ತದೆ. ಬಿಸಿ ಮಾಡಬಾರದೆಂದು ಕೆಲವು ಡಬ್ಬಿಗಳ ಮೇಲೆಯೇ ಬರೆದಿರುತ್ತಾರೆ, ಯಾರೂ ಓದುವುದಿಲ್ಲ ಅಷ್ಟೆ.

ಹಬೆಯಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನೂ ಹೇಳಿಬಿಡಬೇಕು. ಪುದೀನದ ಮೆಂಥಾಲ್ ಮೂಗಿನ ತಂಪು ಗ್ರಹಿಸುವ ನರತುದಿಗಳನ್ನು ಮುಟ್ಟುತ್ತದೆ, ಆಗ ಗಾಳಿ ಸರಾಗವಾಗಿ ಹೋಗುತ್ತಿದೆ ಎಂದು ಮೆದುಳಿಗೆ ಅನ್ನಿಸುತ್ತದೆ. ಅಳೆದು ನೋಡಿದರೆ ಊತ ಇದ್ದಷ್ಟೇ ಇರುತ್ತದೆ. ಇದನ್ನು ಮೋಸವೆಂದು ನಾನು ಕರೆಯುವುದಿಲ್ಲ. ರಾತ್ರಿ ನಿದ್ದೆ ಬಂದರೆ ಅದೇ ಅರ್ಧ ಗುಣ. ಆದರೆ ಹಬೆಯಿಂದ ಸೈನಸ್ ‘ಬೇರುಸಹಿತ’ ಹೋಗುತ್ತದೆ ಎನ್ನುವುದು ಸುಳ್ಳು. ಪದೇ ಪದೇ ಸೈನಸ್ ತೊಂದರೆ ಬರುವವರ ಮೇಲೆ ಇಂಗ್ಲೆಂಡಿನಲ್ಲಿ ನಡೆಸಿ 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಬೆ ತಲೆನೋವನ್ನು ಕೊಂಚ ಇಳಿಸಿತೇ ಹೊರತು ಬೇರೇನೂ ಹೆಚ್ಚು ಮಾಡಲಿಲ್ಲ. ಉಪ್ಪುನೀರಿನಿಂದ ಮೂಗು ತೊಳೆದವರಿಗೆ ಅದಕ್ಕಿಂತ ಹೆಚ್ಚು ಪ್ರಯೋಜನ ಕಂಡಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಲಕ್ಕಿ ಸೊಪ್ಪಿನ ಬಗ್ಗೆ ಎರಡು ಮಾತು. ತುಳುನಾಡಿನಲ್ಲಿ ನೆಕ್ಕಿ, ವೈದ್ಯರ ಬಾಯಲ್ಲಿ ನಿರ್ಗುಂಡಿ. ಹಳ್ಳದ ಬದಿ, ಬೇಲಿ ಸಾಲಿನಲ್ಲಿ ಆಳೆತ್ತರ ಬೆಳೆಯುವ ಪೊದೆ. ಒಂದೇ ತೊಟ್ಟಿನಲ್ಲಿ ಬೆರಳುಗಳಂತೆ ಮೂರೋ ಐದೋ ಉದ್ದನೆಯ ಎಲೆಗಳು, ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಿಳುಪು. ತುದಿಯಲ್ಲಿ ನೀಲಿ–ನೇರಳೆ ಸಣ್ಣ ಹೂ. ಹಿಸುಕಿದರೆ ಕಟುವಾದ ವಾಸನೆ. ಇದನ್ನು ಹಬೆಗೆ ಹಾಕುವುದಕ್ಕಿಂತ ದಿಂಬಿಗೆ ತುಂಬುವುದು ನಮ್ಮ ಕಡೆಯ ಹಳೆಯ ಕ್ರಮ, ಮತ್ತು ಜಾಣತನದ್ದು, ಏಕೆಂದರೆ ಪರಿಮಳ ರಾತ್ರಿಯಿಡೀ ಹಿತಮಿತವಾಗಿ ಸಿಗುತ್ತದೆ. ಎಲೆಗಳನ್ನು ನೆರಳಲ್ಲಿ ಮೂರು ನಾಲ್ಕು ದಿನ ಒಣಗಿಸಿ. ಬಿಸಿಲಿಗೆ ಹಾಕಿದರೆ ಎಣ್ಣೆಯಂಶ ಆರಿಹೋಗುತ್ತದೆ. ಮುರಿದರೆ ಟಪ್ಪೆನ್ನುವಷ್ಟು ಒಣಗಿದ ಮೇಲೆ ಮಾತ್ರ ಹತ್ತಿ ಬಟ್ಟೆಯ ಚೀಲಕ್ಕೆ ತುಂಬಿ, ಮಾಮೂಲಿ ದಿಂಬಿನ ಮೇಲಿಟ್ಟುಕೊಳ್ಳಿ. ಮಲೆನಾಡಿನ ಆಷಾಢದಲ್ಲಿ ಅರೆಒಣಗಿದ ಸೊಪ್ಪು ತುಂಬಿದರೆ ವಾರದೊಳಗೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಪುಡಿ ರಾತ್ರಿಯಿಡೀ ಮೂಗಿಗೆ ಹೋದರೆ ಇದ್ದ ಸೈನಸ್ ಎರಡರಷ್ಟಾಗುತ್ತದೆ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಸೊಪ್ಪು ಬದಲಿಸಿ, ಚೀಲ ತೊಳೆದು ಒಣಗಿಸಿ. ಉಬ್ಬಸ ಇರುವವರಿಗೆ ಈ ದಿಂಬು ಬೇಡ.

ಇನ್ನು ಕಷಾಯ. ಕಷಾಯ ಮೂಗಿನ ಕಿಂಡಿಯನ್ನು ನೇರವಾಗಿ ತೆರೆಯುವುದಿಲ್ಲ. ಬಿಸಿ ದ್ರವ ಹೋಗುವುದರಿಂದ ಲೋಳೆ ತೆಳುವಾಗುತ್ತದೆ, ಮೆಣಸು ಶುಂಠಿಯ ಖಾರಕ್ಕೆ ಮೂಗಲ್ಲಿ ನೀರಾಡುತ್ತದೆ, ಗಂಟಲಿನ ಕೆರೆತ ತಣಿಯುತ್ತದೆ. ಇಷ್ಟು ಸಾಕಲ್ಲವೇ? ಒಬ್ಬರಿಗೆ ಒಂದು ಹೊತ್ತಿಗೆ 8–10 ಕಾಳುಮೆಣಸು, ಒಂದು ಟೀ ಚಮಚ ಕೊತ್ತಂಬರಿ ಬೀಜ, ಅರ್ಧ ಟೀ ಚಮಚ ಜೀರಿಗೆ, ಹೆಬ್ಬೆರಳಿನ ತುದಿಗೆಣ್ಣಿನಷ್ಟು ಹಸಿಶುಂಠಿ. ಹಸಿಶುಂಠಿ ಇಲ್ಲದಿದ್ದರೆ ಕಾಲು ಟೀ ಚಮಚ ಒಣಶುಂಠಿ ಪುಡಿ. ಒಣಶುಂಠಿ ಹೆಚ್ಚು ಖಾರ, ಸಮ ಪ್ರಮಾಣದಲ್ಲಿ ಹಾಕಿದರೆ ಹೊಟ್ಟೆ ಉರಿಯುತ್ತದೆ. ಮೆಣಸನ್ನು ಜಜ್ಜಿ ಹಾಕಿ. ಇಡೀ ಕಾಳು ಕುದಿಸಿದರೆ ಒಳಗಿನ ಖಾರ ಅಷ್ಟಾಗಿ ಬಿಡುವುದಿಲ್ಲ. ಎರಡು ಲೋಟ ನೀರು ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಯಬೇಕು. ಈ ಪದಾರ್ಥಗಳಿಗೆ ಕುದಿ ಬೇಕು, ತುಳಸಿಗೆ ಬೇಡ. ಒಲೆ ಆರಿಸಿದ ಮೇಲೆ ಎಂಟು ಹತ್ತು ತುಳಸಿ ಎಲೆ ಹಾಕಿ ಐದು ನಿಮಿಷ ಮುಚ್ಚಿಡಿ. ಊಟದ ನಂತರ ಕುಡಿಯಿರಿ, ದಿನಕ್ಕೆ ಎರಡು ಹೊತ್ತು, ಐದು ದಿನ. ಬೆಲ್ಲ, ಹಾಲು ನಿಮ್ಮ ಇಷ್ಟ. ಹಾಲು ಕುಡಿದರೆ ಕಫ ಹೆಚ್ಚುತ್ತದೆಂದು ಹೆದರುವ ಅಗತ್ಯವಿಲ್ಲ, ಗಂಟಲಿಗೆ ದಪ್ಪವೆನಿಸುತ್ತದೆ ಅಷ್ಟೆ. ಜೇನು ಹಾಕುವುದಾದರೆ ಕುಡಿಯುವಷ್ಟು ಆರಿದ ಮೇಲೆ ಹಾಕಿ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವಂತೆಯೇ ಇಲ್ಲ, ಬಾಟುಲಿಸಂ ಎಂಬ ಮಾರಕ ವಿಷಬಾಧೆಯ ಭಯವಿದೆ.

2020ರ ಮಾರ್ಚ್‌ನಲ್ಲಿ ಆಯುಷ್ ಸಚಿವಾಲಯ ಕಷಾಯದ ಸಲಹೆ ಕೊಟ್ಟ ಮೇಲೆ ಅದನ್ನು ಚಹಾದಂತೆ ತಿಂಗಳುಗಟ್ಟಲೆ ಕುಡಿದವರು ಬಹಳ. ಆ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಇಲ್ಲಿ ಮೂರು ಪದಾರ್ಥಗಳ ಬಗ್ಗೆ ಎಚ್ಚರಿಕೆ ಬೇಕು. ಅಂಗಡಿಯಲ್ಲಿ ದಾಲ್ಚಿನ್ನಿ ಎಂದು ಕೊಡುವ ದಪ್ಪ, ಒರಟು ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಎಂಬ ಬೇರೆ ಜಾತಿಯ ಮರದ್ದು. ಅದರಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ದಿನವೂ ಹೋದರೆ ಯಕೃತ್ತಿಗೆ ಹೊರೆ. ಕಾಗದದಂತೆ ತೆಳುವಾಗಿ ಸುರುಳಿ ಸುತ್ತಿದ್ದು ಅಸಲಿ ದಾಲ್ಚಿನ್ನಿ. ಜೇಷ್ಠಮಧು ವಾರಗಟ್ಟಲೆ ತಿಂದರೆ ದೇಹದ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಬಿಪಿ ಮಾತ್ರೆ ನುಂಗುವವರು ಅದನ್ನು ಚೀಪುತ್ತಾ ಕೂರಬಾರದು. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತ ಕಂಡ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಇನ್ನು ಮೆಣಸಿನ ಖಾರದ ಅಂಶವಾದ ಪೈಪರಿನ್ ಕೆಲವು ಇಂಗ್ಲಿಷ್ ಔಷಧಿಗಳು ರಕ್ತಕ್ಕೆ ಸೇರುವ ಪ್ರಮಾಣವನ್ನೇ ಹೆಚ್ಚಿಸುತ್ತದೆ. ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರು ಮೆಣಸಿನ ಕಷಾಯವನ್ನು ವೈದ್ಯರಿಗೆ ತಿಳಿಸದೆ ಶುರು ಮಾಡಬಾರದು.

ಅಂಗಡಿಯಲ್ಲಿ ಸಿಗುವ ಸಿತೋಪಲಾದಿ ಚೂರ್ಣ ಹೆಸರಾದ ಮದ್ದು, ಒಳ್ಳೆಯದೂ ಹೌದು. ಆದರೆ ಅದರ ಪ್ರಮಾಣ ನೋಡಿ: ಕಲ್ಲುಸಕ್ಕರೆ 16 ಭಾಗ, ವಂಶಲೋಚನ (ಬಿದಿರಿನೊಳಗೆ ಸಿಗುವ ಬಿಳಿ ಹರಳು) 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಒಟ್ಟು 31 ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ‘ಆಯುರ್ವೇದದ್ದು, ಏನೂ ಆಗುವುದಿಲ್ಲ’ ಎಂದು ಸಕ್ಕರೆ ಕಾಯಿಲೆಯವರು ಚಮಚಗಟ್ಟಲೆ ತಿನ್ನುವ ಮುನ್ನ ಇದು ಗೊತ್ತಿರಲಿ. ಅವರಿಗೆ ಶುಂಠಿ, ಮೆಣಸು, ಹಿಪ್ಪಲಿ ಸಮಭಾಗದ ತ್ರಿಕಟು ವಾಸಿ, ಅದೂ ಎರಡು ಚಿಟಿಕೆ, ಊಟದ ಜೊತೆಗೆ. ಹುಳಿತೇಗು, ಅಲ್ಸರ್ ಇರುವವರಿಗೆ ಅದೂ ಬೇಡ. ಹೊಟ್ಟೆಯ ಆಮ್ಲ ರಾತ್ರಿ ಗಂಟಲಿಗೆ ಏರಿದರೆ ಬೆಳಿಗ್ಗೆ ಕಫ ಕಟ್ಟಿದಂತೆಯೇ ಇರುತ್ತದೆ. ಅದಕ್ಕೆ ಇನ್ನಷ್ಟು ಮೆಣಸು ಕುಡಿದು ಇನ್ನಷ್ಟು ಆಮ್ಲ ಏರಿಸಿಕೊಳ್ಳುವ ಸುತ್ತು ಮುಗಿಯುವುದೇ ಇಲ್ಲ.

ಆಡುಸೋಗೆಯನ್ನು ಸೈನಸ್ ಮದ್ದಿನ ಪಟ್ಟಿಗೆ ಸೇರಿಸುವವರಿದ್ದಾರೆ. ಅದರ ಜಾಗ ಎದೆಯ ಕಫ, ಮೂಗಲ್ಲ. ಕೆಮ್ಮಿನ ಔಷಧಿಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಈ ಗಿಡದ ವ್ಯಾಸಿಸಿನ್ ಅಂಶದ ಜಾಡು ಹಿಡಿದು ಎಂಬುದು ಹೆಮ್ಮೆಯ ಮಾತು. ಆದರೆ ಅದೇ ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ. ಗರ್ಭಿಣಿಯರು ಮುಟ್ಟಬಾರದು.

ಈಗ ಮೂಗು ತೊಳೆಯುವ ವಿಚಾರ. ಜಲನೇತಿ ಸೊಪ್ಪಿನ ಮದ್ದಲ್ಲ ನಿಜ, ಆದರೆ ಈ ಎಲ್ಲದರಲ್ಲಿ ಹೆಚ್ಚು ಆಧಾರವಿರುವುದು ಇದಕ್ಕೇ. ಹಾಗೆಯೇ, ಅಳತೆ ತಪ್ಪಿದರೆ ತಕ್ಷಣ ಗೊತ್ತಾಗುವುದೂ ಇದರಲ್ಲೇ. ನಮ್ಮ ರಕ್ತದ ಉಪ್ಪಿಗೆ ಸಮನಾದ ನೀರು ಬೇಕು, ಅಂದರೆ ಲೀಟರಿಗೆ 9 ಗ್ರಾಂ. ಅರ್ಧ ಲೀಟರಿಗೆ 4.5 ಗ್ರಾಂ. ಪುಡಿಉಪ್ಪಿನಲ್ಲಿ ಅದು ಮಟ್ಟಸವಾದ ಮುಕ್ಕಾಲು ಟೀ ಚಮಚ. ಕಲ್ಲುಪ್ಪನ್ನು ಚಮಚದಲ್ಲಿ ಅಳೆಯಲು ಬರುವುದಿಲ್ಲ, ಹರಳಿನ ಗಾತ್ರದ ಮೇಲೆ ತೂಕ ಬದಲಾಗುತ್ತದೆ. ಪುಡಿ ಮಾಡಿ, ಸಾಧ್ಯವಿದ್ದರೆ ತೂಗಿ. ಉಪ್ಪು ಕಡಿಮೆಯಾದರೂ ಉರಿ, ಹೆಚ್ಚಾದರೂ ಉರಿ. ಬರೀ ನೀರು ಬಿಟ್ಟವರಿಗೆ ಹಣೆಯವರೆಗೆ ಚುಚ್ಚಿದಂತಾಗುತ್ತದೆ, ಅವರು ಮತ್ತೆ ನೇತಿಯ ಸುದ್ದಿಗೇ ಬರುವುದಿಲ್ಲ. ಕಾಲು ಟೀ ಚಮಚ ಅಡುಗೆ ಸೋಡಾ ಸೇರಿಸಿದರೆ ಉರಿ ಇನ್ನೂ ಕಡಿಮೆ. ಹಿತ್ತಾಳೆ, ತಾಮ್ರದ ನೇತಿಪಾತ್ರೆ ನೋಡಲು ಚೆಂದ, ಆದರೆ ಉಪ್ಪುನೀರಿಗೆ ಸ್ಟೀಲು ಅಥವಾ ಪ್ಲಾಸ್ಟಿಕ್ಕೇ ಸರಿ.

ನೀರಿನ ವಿಷಯದಲ್ಲಿ ರಾಜಿ ಇಲ್ಲ. ನಲ್ಲಿ, ಬೋರ್‌ವೆಲ್, ಬಾವಿ, ತೊಟ್ಟಿ ಯಾವುದೇ ಇರಲಿ, ಉಕ್ಕಿ ಕುದಿಯಲು ಶುರುವಾದ ಮೇಲೆ ಮೂರು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಮೈ ಬೆಚ್ಚಗಿನಷ್ಟಾದಾಗ ಬಳಸಿ. ಮನೆಯ ಫಿಲ್ಟರ್ ನೀರಾದರೂ ಕುದಿಸಲೇಬೇಕು. ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಕುಡಿದರೆ ಏನೂ ಮಾಡುವುದಿಲ್ಲ, ಮೂಗಿಗೆ ಹೋದರೆ ವಾಸನೆಯ ನರ ಹಿಡಿದು ಮೆದುಳಿಗೆ ಏರುತ್ತದೆ. ಅಮೆರಿಕದ ಲೂಸಿಯಾನದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಹೀಗೆಯೇ ಸತ್ತರು. ಪಕ್ಕದ ಕೇರಳದಲ್ಲಿ ಅಮೀಬಾ ಮೆದುಳುಜ್ವರದ ಸುದ್ದಿ ಈಚಿನ ವರ್ಷಗಳಲ್ಲಿ ಪದೇ ಪದೇ ಬರುತ್ತಿದೆ. ಅಪರೂಪದ ಕಾಯಿಲೆ, ಆದರೆ ಬಂದರೆ ಉಳಿಯುವವರು ತೀರಾ ಕಡಿಮೆ.

ಬಚ್ಚಲ ಸಿಂಕಿನ ಮೇಲೆ ಮುಂದಕ್ಕೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿ ತೆರೆದು ಬಾಯಲ್ಲೇ ಉಸಿರಾಡಿ. ಮೇಲಿನ ಹೊಳ್ಳೆಗೆ ನೀರು ಬಿಟ್ಟರೆ ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ. ನೀರು ಗಂಟಲಿಗೆ ಬಂದರೆ ತಲೆ ಹಿಂದಕ್ಕೆ ಹೋಗಿದೆ ಎಂದರ್ಥ, ಗಲ್ಲ ಸ್ವಲ್ಪ ತಗ್ಗಿಸಿ. ಎರಡೂ ಕಡೆ ಆದ ಮೇಲೆ ಮುಂದಕ್ಕೆ ಬಾಗಿ ತಲೆಯನ್ನು ನಿಧಾನ ಎಡಕ್ಕೆ, ಬಲಕ್ಕೆ ತಿರುಗಿಸಿ ಉಳಿದ ನೀರು ಇಳಿಯಲು ಬಿಡಿ. ಮೂಗನ್ನು ಬಿಗಿಹಿಡಿದು ಜೋರಾಗಿ ಸೀಟಬೇಡಿ. ಹಾಗೆ ಮಾಡಿದರೆ ನೀರು ಕಿವಿಯ ನಾಳಕ್ಕೆ ನುಗ್ಗಿ ಮಾರನೆಯ ದಿನ ಕಿವಿನೋವು ಬರಬಹುದು. ಎರಡೂ ಹೊಳ್ಳೆ ಪೂರ್ತಿ ಕಟ್ಟಿದ್ದಾಗ, ಕಿವಿ ಸೋರುತ್ತಿದ್ದಾಗ ನೇತಿ ಬೇಡ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಮುಗಿಸಿ.

ಮೂಗಿಗೆ ಹನಿ ಹಾಕುವ ಮದ್ದುಗಳಿಗೆ ಬಂದರೆ ನನ್ನ ಸಹನೆ ತಪ್ಪುತ್ತದೆ. ಉಪ್ಪುನೀರು, ವೈದ್ಯರು ಹೇಳಿದ ತೈಲ ಇವೆರಡು ಬಿಟ್ಟು ಬೇರೇನನ್ನೂ ಮೂಗಿಗೆ ಬಿಡಬೇಡಿ. ನಿಂಬೆರಸ ಬಿಟ್ಟುಕೊಳ್ಳುವ ಸಲಹೆ 2021ರಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟು ಬೇಗ ಹಬ್ಬಿತೆಂದು ಓದುಗರಿಗೆ ನೆನಪಿರಬಹುದು. ನಿಂಬೆರಸದ ಪಿಎಚ್ ಎರಡರ ಆಸುಪಾಸು, ಹೊಟ್ಟೆಯ ಆಮ್ಲಕ್ಕೆ ಹತ್ತಿರದ್ದು. ಬೆಳ್ಳುಳ್ಳಿ ಎಸಳನ್ನು ಹೊಳ್ಳೆಯಲ್ಲಿ ಸಿಕ್ಕಿಸುವುದು ಹೊಸ ಹುಚ್ಚು. ತುಂಬೆ ಸೊಪ್ಪಿನ ರಸ, ದೇವದಾಲಿ ಎಂಬ ಕಹಿ ಬಳ್ಳಿಯ ಕಾಯಿ ನೆನೆಸಿದ ನೀರು ಹಳೆಯವು. ಹಾಕಿದ ಅರ್ಧ ಗಂಟೆಯಲ್ಲಿ ಮೂಗಿನಿಂದ ಧಾರೆಯಾಗಿ ನೀರಿಳಿಯುತ್ತದೆ, ‘ಒಳಗಿನ ಕೆಟ್ಟ ನೀರೆಲ್ಲ ಹೋಯಿತು’ ಎಂದು ಕೊಟ್ಟವನಿಗೂ ಪಡೆದವನಿಗೂ ತೃಪ್ತಿ. ಅದು ಸೈನಸ್ಸಿನ ಕೆಟ್ಟ ನೀರಲ್ಲ. ಸುಟ್ಟ ಪೊರೆ ತನ್ನನ್ನು ಕಾಪಾಡಿಕೊಳ್ಳಲು ಆ ಕ್ಷಣ ಸುರಿಸಿದ ಹೊಸ ನೀರು. ಈರುಳ್ಳಿ ಹೆಚ್ಚಿದಾಗ ಕಣ್ಣಲ್ಲಿ ಬಂದ ನೀರನ್ನು ಯಾರೂ ಕಣ್ಣಿನ ಕಾಯಿಲೆ ಹೋಯಿತೆನ್ನುವುದಿಲ್ಲ.

ಅಣುತೈಲ ಬಲ್ಲವರ ಮದ್ದು. ಎಳ್ಳೆಣ್ಣೆಯನ್ನು ಗಿಡಮೂಲಿಕೆಗಳ ಕಷಾಯದಲ್ಲಿ ಹತ್ತು ಬಾರಿ ಕಾಯಿಸಿ, ಹತ್ತನೆಯ ಬಾರಿ ಆಡಿನ ಹಾಲು ಸೇರಿಸಿ ತಯಾರಿಸುವ ಕ್ರಮ ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿದೆ. ಅದೇ ಸಂಹಿತೆ ಹೊಸ ನೆಗಡಿ ಇರುವವರಿಗೆ, ಗರ್ಭಿಣಿಯರಿಗೆ ನಸ್ಯ, ಅಂದರೆ ಮೂಗಿಗೆ ಮದ್ದು ಬಿಡುವುದು, ಕೂಡದೆಂದೂ ಹೇಳುತ್ತದೆ. ನಾವು ಮಾಡುವುದು ಸರಿಯಾಗಿ ತಿರುವುಮುರುವು: ನೆಗಡಿ ಜೋರಾದ ದಿನವೇ ಸೀಸೆ ಹುಡುಕುತ್ತೇವೆ. ನೆಗಡಿ ಇಳಿದ ಮೇಲೆ, ಬರಿ ಹೊಟ್ಟೆಯಲ್ಲೂ ಅಲ್ಲದೆ ಉಂಡ ಕೂಡಲೂ ಅಲ್ಲದೆ, ಬೆಚ್ಚಗೆ ಮಾಡಿದ ಎರಡೆರಡು ಹನಿ ಸಾಕು. ಗಂಟಲಿಗೆ ಇಳಿದದ್ದನ್ನು ಉಗಿಯಬೇಕು, ನುಂಗಬಾರದು. ಎಳೆಗೂಸುಗಳ ಮೂಗಿಗೆ ಎಣ್ಣೆಸ್ನಾನದ ದಿನ ಕೊಬ್ಬರಿ ಎಣ್ಣೆ ಬಿಡುವ, ತುಪ್ಪ ಬಿಡುವ ಅಜ್ಜಿಯರಿಗೆ ಕೈಮುಗಿದು ಹೇಳಬೇಕಾದದ್ದು: ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಎಣ್ಣೆ ಕೆಮ್ಮು ಬರಿಸದೆಯೇ ಇಳಿಯುವುದರಿಂದ ಮನೆಯವರಿಗೆ ತಿಳಿಯುವುದೂ ಇಲ್ಲ. ಕೂಸಿನ ಮೂಗು ಕಟ್ಟಿದರೆ ಔಷಧಿ ಅಂಗಡಿಯ ಸಲೈನ್ ಹನಿ ಎರಡು, ಹಾಲೂಡಿಸುವ ಮುನ್ನ.

ಮಕ್ಕಳ ಕರ್ಪೂರದ ಗಂಟಿನ ಬಗ್ಗೆಯೂ ಬರೆಯದೆ ಬಿಡಲಾಗದು. ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಕೂಸಿನ ಅಂಗಿಗೆ ಪಿನ್ನು ಹಾಕುವುದು, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಎದೆಗೆ ಬಳಿಯುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ಕರ್ಪೂರ ಚರ್ಮದಿಂದಲೂ ಉಸಿರಿನಿಂದಲೂ ದೇಹ ಸೇರುತ್ತದೆ. ಒಂದು ಗ್ರಾಂನಷ್ಟು ಹೊಟ್ಟೆಗೆ ಹೋದರೂ ಎಳೆಮಗುವಿನ ಪ್ರಾಣಕ್ಕೆ ಅಪಾಯ, ಫಿಟ್ಸ್ ಕೆಲವೇ ನಿಮಿಷಗಳಲ್ಲಿ ಬರಬಹುದು. ಆರತಿ ಬಿಲ್ಲೆ ಬಿಳಿ ಪೆಪ್ಪರ್‌ಮಿಂಟಿನಂತೆಯೇ ಕಾಣುತ್ತದಲ್ಲ! ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ, ಮೆಂಥಾಲ್, ನೀಲಗಿರಿ ತೈಲ ಇರುವ ಯಾವ ಮುಲಾಮೂ ಬೇಡ. ಬಜೆ ತೇಯ್ದು ನೆಕ್ಕಿಸುವುದೂ ನಿಲ್ಲಲಿ. ನಮ್ಮ ಬಜೆಯಲ್ಲಿರುವ ಬೀಟಾ ಆ್ಯಸರೋನ್ ಎಂಬ ಅಂಶ ವಿಷಕಾರಿಯೆಂದು ಅಮೆರಿಕದಲ್ಲಿ ಅದನ್ನು ಆಹಾರದಲ್ಲಿ ಬಳಸುವುದನ್ನು 1968ರಲ್ಲೇ ನಿಷೇಧಿಸಿದ್ದಾರೆ.

ಅರಿಶಿನ ಕೊಂಬು ಸುಟ್ಟು ಹೊಗೆ ಎಳೆಯುವುದು ಆ ಕ್ಷಣಕ್ಕೆ ಮೂಗು ಬಿಡಿಸಿದಂತೆ ಅನ್ನಿಸುತ್ತದೆ. ಹೊಗೆ ಯಾವುದರದ್ದಾದರೂ ರೋಮಗಳ ಬಡಿತವನ್ನು ಕುಂದಿಸುತ್ತದೆ, ಉಬ್ಬಸದವರಿಗಂತೂ ನೇರ ಅಪಾಯ. ಹಣೆಗೆ ಪಟ್ಟು ಹಾಕುವುದಾದರೆ ಒಣಶುಂಠಿ ಕೊಂಬನ್ನು ನೀರಲ್ಲಿ ತೇಯ್ದು ತೆಳ್ಳಗೆ ಹಚ್ಚಿ, ಹದಿನೈದು ನಿಮಿಷಕ್ಕೆ ತೊಳೆದುಬಿಡಿ. ಸುಣ್ಣ ಬೆರೆಸಬೇಡಿ, ಚರ್ಮ ಸುಟ್ಟು ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಗುಣ ಕಾಣದಿದ್ದರೆ ಕಾಯಿಲೆಯೇ ಬೇರೆ ಇರಬಹುದು. ‘ನನಗೆ ಸೈನಸ್ ತಲೆನೋವು’ ಎನ್ನುವವರಲ್ಲಿ ಬಹಳ ಮಂದಿಗೆ ಇರುವುದು ಮೈಗ್ರೇನ್. ಮೂಗು ಕಟ್ಟದೆ, ಸಿಂಬಳವಿಲ್ಲದೆ, ಬೆಳಕು–ಸದ್ದು ಆಗದೆ, ವಾಂತಿ ಬಂದಂತಾಗುವ ತಲೆನೋವಿಗೆ ಎಷ್ಟು ಹಬೆ ಹಿಡಿದರೂ ಪ್ರಯೋಜನವಿಲ್ಲ. ಮೂಗು, ಕಣ್ಣು ತುರಿಸಿ ಬೆಳಿಗ್ಗೆ ಸಾಲುಸಾಲು ಸೀನು ಬಂದರೆ ಅಲರ್ಜಿ: ಹಾಸಿಗೆಯ ಧೂಳುಹುಳು, ಗೋಡೆಯ ಬೂಸ್ಟು, ಕಾಂಗ್ರೆಸ್ ಗಿಡದ ಪರಾಗ. ಅಲ್ಲಿ ಕಷಾಯಕ್ಕಿಂತ ಹೊದಿಕೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕುವುದು ದೊಡ್ಡ ಮದ್ದು. ಮೂಗು ಬಿಡಿಸುವ ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳನ್ನು ಐದು ದಿನಕ್ಕಿಂತ ಹೆಚ್ಚು ಬಳಸಿದವರಿಗೆ ಆ ಹನಿಯೇ ಮೂಗು ಕಟ್ಟಿಸುತ್ತದೆ. ತಿಂಗಳುಗಟ್ಟಲೆ ಅದರಲ್ಲೇ ಇರುವವರು ಎಲೆಮದ್ದು ‘ಕೆಲಸ ಮಾಡಲಿಲ್ಲ’ ಎಂದು ದೂರುವುದುಂಟು. ಸಿಂಬಳ ಹಳದಿ, ಹಸಿರು ಆದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕೆಂದೇನಿಲ್ಲ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳದ್ದು, ವೈರಸ್ ನೆಗಡಿಯಲ್ಲೂ ಬರುತ್ತದೆ.

ಮನೆಮದ್ದಿಗೆ ಹತ್ತು ದಿನದ ಗಡುವು ಇಟ್ಟುಕೊಳ್ಳಿ. ಅಷ್ಟರಲ್ಲಿ ಇಳಿಯದಿದ್ದರೆ, ಅಥವಾ ಇಳಿದಂತಾಗಿ ಆರೇಳನೆಯ ದಿನ ಜ್ವರ, ಮುಖನೋವು ಮತ್ತೆ ಏರಿದರೆ ಬ್ಯಾಕ್ಟೀರಿಯಾ ಸೇರಿದೆ ಎಂದು ಅನುಮಾನಿಸಿ ವೈದ್ಯರಲ್ಲಿಗೆ ಹೋಗಿ. ಕಣ್ಣಿನ ರೆಪ್ಪೆ ಊದಿದರೆ, ಒಂದು ಎರಡಾಗಿ ಕಂಡರೆ, ಹಣೆ ಉಬ್ಬಿದರೆ, ಕತ್ತು ಬಿಗಿದರೆ ಹತ್ತು ದಿನವಲ್ಲ, ಹತ್ತು ಗಂಟೆಯೂ ಕಾಯುವಂತಿಲ್ಲ. ಸಕ್ಕರೆ ಕಾಯಿಲೆ ಇರುವವರ ಮೂಗಿನಲ್ಲಿ ಕಪ್ಪು ಹೊಪ್ಪಳೆ ಕಂಡರೆ, ಒಂದು ಕೆನ್ನೆ ಮರಗಟ್ಟಿದರೆ, ಮೇಲಿನ ಹಲ್ಲು ಅಲುಗಾಡಿದರೆ ಅದು 2021ರಲ್ಲಿ ನಾವೆಲ್ಲ ಕಂಡ ಕಪ್ಪು ಶಿಲೀಂಧ್ರವಿರಬಹುದು. ಒಂದೇ ಹೊಳ್ಳೆಯಿಂದ, ಬಾಗಿದಾಗ ಮಾತ್ರ, ನೀರಿನಂತೆ ತಿಳಿಯಾಗಿ ತೊಟ್ಟಿಕ್ಕುವುದು ನೆಗಡಿಯಲ್ಲದೆ ಮೆದುಳಿನ ಸುತ್ತಲಿನ ದ್ರವದ ಸೋರಿಕೆಯೂ ಆಗಿರಬಹುದು, ತಲೆಗೆ ಪೆಟ್ಟು ಬಿದ್ದವರಲ್ಲಂತೂ ಅನುಮಾನಿಸಲೇಬೇಕು. ದೊಡ್ಡವರಿಗೆ ಒಂದೇ ಕಡೆ ದುರ್ವಾಸನೆಯ ಕೀವು ಬಂದರೆ ಮೇಲಿನ ದವಡೆ ಹಲ್ಲಿನ ಬೇರನ್ನು ದಂತವೈದ್ಯರಿಗೆ ತೋರಿಸಿ.

ಮಗುವಿಗೆ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಅದು ಸೈನಸ್ ಅಲ್ಲ, ಒಳಗೆ ಹುಣಸೆ ಬೀಜವೋ ಕಡಲೆಕಾಳೋ ಮಣಿಯೋ ಇದೆಯೆಂದೇ ತಿಳಿಯಿರಿ. ಹಬೆ, ಎಣ್ಣೆ, ಎಲೆರಸ ಯಾವುದೂ ಬೇಡ, ಚಿಮಟ ಹಾಕಿ ಕೆದಕುವುದೂ ಬೇಡ. ಆಟಿಕೆಯ ಬಟನ್ ಬ್ಯಾಟರಿ ಸೇರಿಕೊಂಡಿದ್ದರೆ ಉಪ್ಪುನೀರಿನ ಹನಿಯನ್ನೂ ಹಾಕಬಾರದು. ಹಾಕಿದರೆ ವಿದ್ಯುತ್ ಹರಿದು ಒಳಪೊರೆ ಇನ್ನೂ ಬೇಗ ಸುಡುತ್ತದೆ, ಕೆಲವೇ ಗಂಟೆಗಳಲ್ಲಿ ಎರಡು ಹೊಳ್ಳೆಗಳ ನಡುವಿನ ಗೋಡೆಗೆ ತೂತು ಬೀಳಬಹುದು. ರಾತ್ರಿಯಾದರೂ ಸರಿ, ನೇರ ಕಿವಿ–ಮೂಗು–ಗಂಟಲು ವೈದ್ಯರಿರುವ ಆಸ್ಪತ್ರೆಗೆ ಹೊರಡಿ.

ಇತಿ,
ಓದುಗ
ತೀರ್ಥಹಳ್ಳಿ